ಅಮಾವಾಸ್ಯೆಯ ಕ್ಯಾಮೆರಾ

ಎರಡು ಸಾವಿರದ ಎರಡನೇ ಇಸವಿಯಲ್ಲಿ ಚಳ್ಳಕೆರೆಯ ಜನಕ್ಕೆ ವಿಡಿಯೊ ಕ್ಯಾಮೆರಾ ಅಂದರೆ ಮದುವೆ, ಮದುವೆ ಅಂದರೆ ಸ್ಟುಡಿಯೋ ಮಲ್ಲಿಕ್. ಹೆಗಲ ಮೇಲೆ ಹೊರುವ ಆ ದೊಡ್ಡ ಕ್ಯಾಮೆರಾ ಬೀದಿಗೆ ಬಂದರೆ ಸಾಕು, ಎಂಥವರೂ ತಲೆ ಸವರಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. ಅಂಥದ್ದನ್ನು ಎಣ್ಣೆ ಮಿಲ್ಲಿನ ಜಂಬುಲಿಂಗಪ್ಪನವರ ಮಗಳು ದಾಕ್ಷಾಯಿಣಿ ತಾನೇ ಹೊರುತ್ತೇನೆ ಎಂದು ಹೊರಟಾಗ ನಕ್ಕವರೇ ಹೆಚ್ಚು. ನಗಲಿ ಬಿಡಿ, ನಗುವವರ ಹಲ್ಲು ಹಿಡಿದು ನಿಲ್ಲಿಸಲಿಕ್ಕಾಗುತ್ತದೆಯೇ.

ದಾಕ್ಷಾಯಿಣಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಪತ್ರಿಕೋದ್ಯಮ ಅವಳ ವಿಷಯ. ಆ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಹದಿನೈದು ನಿಮಿಷದ ಕಿರುಚಿತ್ರ ಮಾಡಬೇಕೆಂದು ಬಂದಿತ್ತು. ಪಾಠ ಮಾಡುತ್ತಿದ್ದ ವಿಶ್ವನಾಥ್ ಮೇಷ್ಟ್ರು ಕ್ಲಾಸನ್ನು ಗುಂಪು ಗುಂಪಾಗಿ ಹಂಚಿದರು. ಹುಡುಗರಿಗೆ ಕ್ಯಾಮೆರಾ, ಹುಡುಗಿಯರಿಗೆ ಹಿನ್ನೆಲೆಯಲ್ಲಿ ಮಾತು ಓದುವ ಕೆಲಸ. ಮೇಷ್ಟ್ರು ಕೆಟ್ಟವರೇನಲ್ಲ. ಹಾಗಲ್ಲದೆ ಬೇರೆ ರೀತಿ ಇರಬಹುದು ಎಂಬುದೇ ಅವರ ತಲೆಗೆ ಹೊಳೆದಿರಲಿಲ್ಲ, ಅಷ್ಟೇ.

“ಸರ್, ನಾನೊಬ್ಳೇ ಒಂದು ಮಾಡ್ತೀನಿ. ಕ್ಯಾಮೆರಾನೂ ನಾನೇ ಹಿಡೀತೀನಿ,” ಎಂದು ದಾಕ್ಷಾಯಿಣಿ ಎದ್ದು ನಿಂತಳು.

“ಅದು ಎಷ್ಟು ಭಾರ ಐತೆ ಗೊತ್ತೇನಮ್ಮಾ?”

“ನಮ್ಮ ಮಿಲ್ಲಿನ ಎಣ್ಣೆ ಡಬ್ಬಕ್ಕಿಂತ ಕಡಿಮೆನೇ ಐತೆ ಸರ್. ಅದನ್ನ ದಿನಾ ಎತ್ತಿಡ್ತೀನಿ.”

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರಿಗೂ ನಗು ಬಂತು, ಆದರೆ ನುಂಗಿಕೊಂಡರು. “ಆಯ್ತು. ಕ್ಯಾಮೆರಾದಲ್ಲಿ ತೆಗೆದ ಕ್ಯಾಸೆಟ್ಟೇ ಪರೀಕ್ಷೆಗೆ ಬರ್ಬೇಕು, ಸ್ಟುಡಿಯೋದಲ್ಲಿ ಕತ್ತರಿಸಿ ಜೋಡಿಸೋ ಮಿಕ್ಸಿಂಗ್ ಮಾಡ್ಸಂಗಿಲ್ಲ. ಇದು ಎಲ್ರಿಗೂ. ನಿನಗೆ ಇನ್ನೊಂದು ಮಾತು. ಏನು ಹೇಳ್ತೀನಂತ ಹೊರಡ್ತೀಯೋ ಅದು ಪೂರ್ತಿ ಇರ್ಬೇಕು. ಅರ್ಧಂಬರ್ಧ ತಂದ್ರೆ ನಿನ್ನ ಚಿತ್ರ ತಗಳ್ಳಲ್ಲ. ಮಾರುತೇಶನ ಚಿತ್ರಕ್ಕೆ ಮಾತು ಓದು, ಅಲ್ಲೇ ಮಾರ್ಕ್ಸ್ ಹಾಕ್ತೀನಿ.”

ಮಾರುತೇಶನ ಗುಂಪು ಕುದಾಪುರದ ಕಾವಲು, ಅಂದರೆ ದನ ಮೇಯುವ ಹುಲ್ಲುಗಾವಲಿನ ಮೇಲೆ ಚಿತ್ರ ಮಾಡುತ್ತಿತ್ತು. ಮಾರನೆಯ ದಿನವೇ ಅವನು ನಾಲ್ಕು ಹಾಳೆ ತಂದು ಅವಳ ಕೈಗಿಟ್ಟ. “ನಮ್ಮ ಚಿತ್ರದ ಮಾತು. ಈಗ್ಲಿಂದ್ಲೇ ಓದ್ಕೋ, ಹೆಂಗೂ ಬೇಕಾಗ್ತೈತೆ,” ಎಂದ. ದಾಕ್ಷಾಯಿಣಿಗೆ ಮೈಯೆಲ್ಲ ಉರಿದುಹೋಯಿತು. ಹರಿದು ಅವನ ಮುಖಕ್ಕೆ ಎಸೆಯಬಹುದಿತ್ತು. ಎಸೆಯಲಿಲ್ಲ. ನಾಲ್ಕಾಗಿ ಮಡಚಿ ಬ್ಯಾಗಿನ ಒಳಜೇಬಿಗೆ ಸೇರಿಸಿದಳು.

ಅವಳು ಆರಿಸಿಕೊಂಡದ್ದು ಮೊಳಕಾಲ್ಮೂರಿನ ಸೀರೆ. ಅದರ ಚಿತ್ರ ಯಾವ ಕ್ಯಾಲೆಂಡರಿನಲ್ಲಿ ನೋಡಿದರೂ ಒಂದೇ ಥರ, ಮಗ್ಗದ ಮುಂದೆ ಕೂತ ಒಬ್ಬ ಗಂಡಸು. ಅವಳ ಅವ್ವ ಕೊಟ್ರಮ್ಮ ಮಾತ್ರ ಬೇರೆಯದೇ ಹೇಳುತ್ತಿದ್ದಳು. “ಸೀರೆ ಶುರುವಾಗೋದು ಮಗ್ಗದಾಗಲ್ಲ ಕಣೇ, ಸೂರಮ್ಮನ ಬೆರಳಾಗೆ.” ಸೂರಮ್ಮ ಮೊಳಕಾಲ್ಮೂರಿನ ನೇಕಾರರ ಮನೆಯ ಮುದುಕಿ, ಕೊಟ್ರಮ್ಮ ಸೀರೆ ಕೊಳ್ಳುತ್ತಿದ್ದದ್ದು ಅವಳ ಮನೆಯಿಂದಲೇ. ದಾಕ್ಷಾಯಿಣಿ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬಂದಳು. ಮಗ್ಗದ ಮೇಲೆ ಉದ್ದಕ್ಕೆ ಹರಡಿದ ಎಳೆಗಳ ಹಾಸು ಮುಗಿಯುತ್ತ ಬಂದಾಗ ನೇಕಾರರು ಅದನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಉಳಿದ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಕೂದಲಿಗಿಂತ ತೆಳ್ಳಗಿನ ಸಾವಿರಾರು ಎಳೆ. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು ಎರಡೆರಡು ತುದಿ ಹಿಡಿದು ಹೊಸೆಯಬೇಕು. ಒಂದು ಎಳೆ ತಪ್ಪಿದರೂ ಸೀರೆಯ ಉದ್ದಕ್ಕೆ ಗೆರೆ ಬಿದ್ದು ಮಾನ ಹೋಗುತ್ತದೆ. ಈ ಕೆಲಸ ಹೆಂಗಸರದು, ಯಾವ ಕ್ಯಾಲೆಂಡರಿನಲ್ಲೂ ಇಲ್ಲದ್ದು. ಒಂದು ಹಾಸಿನಲ್ಲಿ ಒಂದೇ ಸಲ ಬರುವುದು, ಆಮೇಲೆ ಒಂದೂವರೆ ತಿಂಗಳು ಕಾಯಬೇಕು.

ಇನ್ನು ಕ್ಯಾಮೆರಾ. ಊರಿನ ಇನ್ನೊಂದು ಸ್ಟುಡಿಯೋದ್ದು ಆಗಲೇ ಹುಡುಗರ ಪಾಲಾಗಿತ್ತು. ಮಲ್ಲಿಕ್ ಅವಳ ಅಕ್ಕನ ಮದುವೆ ತೆಗೆದವನು, ಆ ಸಲುಗೆಯಿಂದ ಒಪ್ಪಿದ. “ಲಗ್ನ ಇಲ್ಲದ ದಿನ ತಗಂಡೋಗು ತಂಗಿ. ಲಗ್ನದ ದಿನ ನಮ್ಮಪ್ಪನೇ ಎದ್ದು ಬಂದು ಕೇಳಿದ್ರೂ ಕೊಡಲ್ಲ,” ಎಂದ. ಹಾಗಾಗಿ ದಾಕ್ಷಾಯಿಣಿ ದೇವರ ಮನೆಯಲ್ಲಿ ಕೂತು ಪಂಚಾಂಗ ತಿರುವತೊಡಗಿದಳು. ಮಗಳು ಲಗ್ನದ ದಿನ ಹುಡುಕುತ್ತಿದ್ದಾಳೆ ಎಂದುಕೊಂಡು ಜಂಬುಲಿಂಗಪ್ಪನವರು ಅರ್ಧ ದಿನ ಹಿಗ್ಗಿನಲ್ಲಿ ಓಡಾಡಿದರು. ಲಗ್ನ ಇಲ್ಲದ ದಿನ ಹುಡುಕುತ್ತಿದ್ದಾಳೆ ಎಂದು ಗೊತ್ತಾದ ಮೇಲೆ ಊಟಕ್ಕೆ ಕೂತವರು ಅರ್ಧ ಮುದ್ದೆಗೇ ಕೈ ತೊಳೆದುಬಿಟ್ಟರು.

ಸೂರಮ್ಮನ ಮಗ ಚಿನ್ನಯ್ಯ ಬೀದಿಯ ಕಾಯಿನ್ ಬೂತಿನಿಂದ ಫೋನ್ ಮಾಡಿ, ಮಂಗಳವಾರ ಹೊಸ ಹಾಸು ಕೂಡಿಸುತ್ತೇವೆ ಎಂದ. ಮಂಗಳವಾರ ಲಗ್ನವೂ ಇರಲಿಲ್ಲ. ದಾಕ್ಷಾಯಿಣಿ ಮೊದಲ ಬಸ್ಸಿಗೆ, ಕ್ಯಾಮೆರಾವನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ತಳಕು, ಹಾನಗಲ್ ದಾಟಿ ಮೊಳಕಾಲ್ಮೂರಿಗೆ ಬಂದಿಳಿದಳು. ಎಲ್ಲಕ್ಕಿಂತ ಮೊದಲು ಬಿಳಿ ಹಾಳೆಯೊಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಳು. ‘ಎಳೆ ಕೂಡಿಸುವವರು. ಕ್ಯಾಮೆರಾ, ನಿರ್ದೇಶನ: ಜೆ. ದಾಕ್ಷಾಯಿಣಿ.’ ಅದನ್ನು ಗೋಡೆಗಂಟಿಸಿ ತೆಗೆದಳು. ಇನ್ನು ಹಿಂದೆಗೆಯುವ ಮಾತಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸೂರಮ್ಮನೋ, ಪೆಟ್ಟಿಗೆಯ ತಳದ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟು, ಆರತಿಗೆ ಕೂತವಳಂತೆ ಕ್ಯಾಮೆರಾಕ್ಕೆ ಮುಖ ಕೊಟ್ಟು ಕೂತುಬಿಟ್ಟಿದ್ದಳು.

“ಅಜ್ಜೀ, ನನ್ನ ನೋಡ್ಬೇಡ್ರಿ, ಕೆಲಸ ನೋಡ್ರಿ.”

“ನೋಡದಿದ್ರೆ ಪೋಟೋ ಹೆಂಗೆ ಬೀಳ್ತೈತೆ ಪಾಪಾ?” ಎಂದಳು ಸೂರಮ್ಮ. ಆ ಕಡೆ ಹೆಣ್ಣುಮಕ್ಕಳನ್ನು ತೆಲುಗಿನವರಂತೆ ಪಾಪ ಎಂದೇ ಕರೆಯುತ್ತಾರೆ.

ಅರ್ಧ ಗಂಟೆ ಕಳೆದ ಮೇಲೆ ಮುದುಕಿಗೆ ಕ್ಯಾಮೆರಾ ಮರೆತುಹೋಯಿತು. ಬೆರಳು ಬೂದಿಗೆ ಹೋಗುತ್ತಿತ್ತು, ಎಳೆಗೆ ಬರುತ್ತಿತ್ತು, ಹೊಸೆಯುತ್ತಿತ್ತು, ಮುಂದಕ್ಕೆ ಸರಿಯುತ್ತಿತ್ತು. ಮಧ್ಯಾಹ್ನ ಮೂರರ ತನಕ ಜೊತೆಗೆ ಕೂಡಿಸುತ್ತಿದ್ದ ಸೊಸೆಯೂ ಅವಳೂ ಎದ್ದೇಳಲಿಲ್ಲ. ದಾಕ್ಷಾಯಿಣಿ ಬಿಟ್ಟು ಬಿಟ್ಟು ಒಂಬತ್ತು ನಿಮಿಷ ತೆಗೆದಳು. ಹೆಗಲು ಬಾತುಕೊಂಡಿತ್ತು, ಆದರೆ ಒಳಗೊಳಗೇ ಕುಣಿಯುವಷ್ಟು ಸಂತೋಷ.

ಕೆಲಸ ಮುಗಿದದ್ದೇ ಸೂರಮ್ಮ ಕೇಳಿದಳು. “ನಂಗೆ ತೋರ್ಸಲ್ವಾ?”

ಇಲ್ಲ ಎನ್ನುವುದಾದರೂ ಹೇಗೆ? ಪಕ್ಕದ ಮನೆಯ ಟೀವಿಗೆ ವೈರು ಸಿಕ್ಕಿಸಿ ದಾಕ್ಷಾಯಿಣಿ ಕ್ಯಾಸೆಟ್ಟು ಹಿಂದಕ್ಕೆ ಓಡಿಸಿ ಹಾಕಿದಳು. ಸೂರಮ್ಮ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತಳು. ನಲವತ್ತೈದು ವರ್ಷ ಮಾಡಿದ ಕೆಲಸ, ಕಣ್ಣೆಲ್ಲ ಎಳೆಯ ಮೇಲೇ ಇರುತ್ತಿದ್ದರಿಂದ ಕೈ ಹೇಗೆ ಆಡುತ್ತದೆ ಎಂದು ಅವಳು ನೋಡಿಯೇ ಇರಲಿಲ್ಲ. “ಇದು ನನ್ನ ಕೈಯಾ?” ಎಂದಳು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದ್ಸಲ ಹಾಕು ಪಾಪಾ,” ಎಂದಳು.

ದಾಕ್ಷಾಯಿಣಿ ಮತ್ತೆ ಹಿಂದಕ್ಕೆ ಓಡಿಸಿದಳು. ಹಾಕಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ಅದೇ ಹೊತ್ತಿಗೆ ಮನೆಯಿಂದ ಚಿನ್ನಯ್ಯ ಕೂಗಿದ. “ಅಕ್ಕಾರೇ, ಮಗ್ಗಕ್ಕೆ ಊದುಬತ್ತಿ ಹಚ್ಚಿದೀನಿ. ಮೊದಲ್ನೇ ಲಾಳಿ ಬಿಡ್ತೀನಿ, ಬರ್ರಿ.” ಅವಳು ವೈರು ಕಿತ್ತು, ಕ್ಯಾಮೆರಾ ಹೊತ್ತು ಓಡಿದಳು. ಬ್ಯಾಟರಿ ಇತ್ತು, ಬೆಳಕಿತ್ತು. ಕೆಂಪು ಗುಂಡಿ ಒತ್ತಿದಳು. ಲಾಳಿ ಆ ಕಡೆಯಿಂದ ಈ ಕಡೆ ಓಡುವುದನ್ನೂ, ಹೊಸ ಸೀರೆಯ ಅಂಚು ಮೂಡುವುದನ್ನೂ, ಕೊನೆಗೆ ಗೂಡಿನಲ್ಲಿದ್ದ ಸಿದ್ಧ ಸೀರೆಯ ಮಡಿಕೆಯನ್ನೂ ತೆಗೆದು ಸಂಜೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾರುತೇಶನ ಮುಖ ನೆನೆದು ನೆನೆದು ನಕ್ಕಳು.

ಬುಧವಾರ ಬೆಳಿಗ್ಗೆ ಮಲ್ಲಿಕನ ಸ್ಟುಡಿಯೋದಲ್ಲಿ ಕ್ಯಾಸೆಟ್ಟು ಹಾಕಿ ನೋಡಿದರು. ಬಿಳಿ ಹಾಳೆ ಬಂತು, ರೇಷ್ಮೆಯ ಲಡಿ ಬಂತು, ಸೂರಮ್ಮನ ಬೆರಳು ಬೂದಿಗೆ ಹೋಯಿತು. ನಾಲ್ಕು ಎಣಿಸುವಷ್ಟರಲ್ಲಿ ಚಿನ್ನಯ್ಯ ಮಗ್ಗದ ಮೇಲೆ ಕೂತಿದ್ದ.

ದಾಕ್ಷಾಯಿಣಿ ಟೀವಿಯ ಹತ್ತಿರಕ್ಕೆ ಬಗ್ಗಿದಳು.

“ತಂಗೀ, ಹಿಂದಕ್ಕೆ ಓಡ್ಸಿ ಹಂಗೇ ರೆಕಾರ್ಡ್ ಒತ್ತಿದ್ಯಾ?” ಮಲ್ಲಿಕ್ ಮೆಲ್ಲಗೆ ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಸೂರಮ್ಮನ ಒಂಬತ್ತು ನಿಮಿಷವನ್ನೂ ಅಳಿಸಿ ಅದರ ಮೇಲೆ ತಾನೇ ಚಿನ್ನಯ್ಯನನ್ನು ತಂದು ಕೂರಿಸಿದ್ದಳು. ಇದ್ದುಬದ್ದ ಕ್ಯಾಲೆಂಡರುಗಳನ್ನೆಲ್ಲ ಬೈದು ಹೋದವಳು ತಾನೂ ಒಂದು ಕ್ಯಾಲೆಂಡರನ್ನೇ ಮಾಡಿಕೊಂಡು ಬಂದಿದ್ದಳು.

ಮಲ್ಲಿಕ್ ಕ್ಯಾಸೆಟ್ಟು ಹೊರತೆಗೆದು ಅದರ ಬೆನ್ನಿನ ಮೂಲೆ ತೋರಿಸಿದ. “ಇಲ್ಲೊಂದು ಹಲ್ಲೈತೆ ನೋಡು. ಇದನ್ನ ಮುರಿದುಬಿಟ್ರೆ ಈ ಕ್ಯಾಸೆಟ್ ಮೇಲೆ ಬ್ರಹ್ಮ ಬಂದ್ರೂ ತೆಗಿಯಕ್ಕಾಗಲ್ಲ. ಮದ್ವೆ ಮುಗಿದ ತಕ್ಷಣ ನಾನು ಮೊದ್ಲು ಮುರಿಯೋದು ಇದನ್ನೇ. ನಿಂಗೆ ಹೇಳ್ಬೇಕಿತ್ತು, ತಪ್ಪಾಯ್ತು.” ಅವಳ ಮುಖ ನೋಡಿ ಸಮಾಧಾನಕ್ಕೆ ಇನ್ನೊಂದು ಸೇರಿಸಿದ. “ಹಿಂಗೇ ಕೊಡು ಬಿಡು. ಮಗ್ಗ ಚೆನ್ನಾಗಿ ಬಂದೈತೆ. ಮಿಕ್ಸಿಂಗ್ ಇದ್ದಿದ್ರೆ ಅಜ್ಜಿ ಮುಖ ಒಂದು ಹಾರ್ಟ್ ಒಳಗೆ ತಿರುಗಿಸಿ ಬಿಡ್ತಿದ್ದೆ.”

“ಮಲ್ಲಿಕಣ್ಣ, ಕ್ಯಾಮೆರಾ ಮತ್ತೆ ಯಾವತ್ತು ಸಿಗ್ತೈತೆ?”

ಅವನು ಡೈರಿ ತೆಗೆದ. ಮದುವೆ, ನಾಮಕರಣ, ಗೃಹಪ್ರವೇಶ, ಬೀಗರ ಊಟ. ಪರೀಕ್ಷೆ ಮುಂದಿನ ಶನಿವಾರ. ಅಲ್ಲಿಯವರೆಗೆ ಇದ್ದ ಖಾಲಿ ದಿನ ಒಂದೇ, ಪರೀಕ್ಷೆಗೆ ಎರಡು ದಿನ ಮುಂಚಿನ ಗುರುವಾರ. “ಅವತ್ತು ಅಮಾವಾಸ್ಯೆ, ಯಾರೂ ಕರೆಯಲ್ಲ,” ಎಂದ.

ದಾಕ್ಷಾಯಿಣಿ ಬೂತಿಗೆ ಓಡಿ ಚಿನ್ನಯ್ಯನನ್ನು ಫೋನಿಗೆ ಕರೆಸಿದಳು. ಆದದ್ದನ್ನು ಹೇಳಿದಳು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಬೀದಿಯ ಯಾರ ಮನೆಯಲ್ಲಾದರೂ ಗುರುವಾರ ಹಾಸು ಕೂಡಿಸುತ್ತಾರಾ ಎಂದು ಕೇಳಿದಳು.

“ಅಮಾವಾಸ್ಯೆಗಾ? ನಮ್ಮ ಬೀದಿಯಾಗೆ ಅವತ್ತು ಮಗ್ಗ ಮುಟ್ಟಲ್ಲ ಅಕ್ಕಾರೇ. ಮಗ್ಗಕ್ಕೆ ರಜ. ನೂಲೂ ಮುಟ್ಟಲ್ಲ.”

“ನಾನು ಗುರುವಾರ ಬರ್ತೀನಿ.”

“ಬಂದು ಏನ್ ಮಾಡ್ತೀರಿ?”

“ಗೊತ್ತಿಲ್ಲ. ಬರ್ತೀನಿ ಅಂತ ಅಜ್ಜಿಗೆ ಹೇಳ್ರಿ.”

ನಡುವಿನ ಎಂಟು ದಿನ ಅವಳಿಗೆ ಅನ್ನ ಸೇರಲಿಲ್ಲ. ಮಾರುತೇಶನ ಹಾಳೆಗಳು ಬ್ಯಾಗಿನಲ್ಲೇ ಇದ್ದವು. ಒಂದು ರಾತ್ರಿ ತೆಗೆದು ಎರಡು ಸಾಲು ಓದಿಯೂ ಓದಿದಳು. ‘ಹಸಿರು ಕಾವಲಿನ ಮಡಿಲಲ್ಲಿ’ ಎಂದು ಶುರುವಾಗಿತ್ತು. ಮುಖ ಸಿಂಡರಿಸಿ ಮತ್ತೆ ಮಡಚಿಟ್ಟಳು. “ಒಂದು ಪರೀಕ್ಷೆಗೆ ಇಷ್ಟೊಂದು ಯಾಕೆ ಒದ್ದಾಡ್ತೀಯ?” ಎಂದು ಅವ್ವ ಕೇಳಿದ್ದಕ್ಕೆ, “ಅವ್ವ, ನೀನು ಹೇಳಿದ್ದನ್ನೇ ತೋರ್ಸಕ್ಕೆ ಹೊರಟಿದ್ದು. ಅದನ್ನೇ ಅಳಿಸ್ಕೊಂಡು ಬಂದೀನಿ,” ಎಂದಳು.

ಗುರುವಾರ ಮೊಳಕಾಲ್ಮೂರಿನ ಆ ಬೀದಿಯಲ್ಲಿ ಮಗ್ಗದ ಸದ್ದೇ ಇರಲಿಲ್ಲ. ಸೂರಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ದಾಕ್ಷಾಯಿಣಿ ಕ್ಯಾಮೆರಾ ಕೆಳಗಿಟ್ಟು ಎದುರು ಕೂತಳು.

“ಅಳಿಸ್ಬಿಟ್ಯಂತೆ,” ಎಂದಳು ಸೂರಮ್ಮ.

“ಹೂಂ ಅಜ್ಜಿ. ತಪ್ಪು ನಂದೇ.”

“ಇನ್ನೊಂದ್ಸಲ ಅಂದಿದ್ದು ನಾನಲ್ವಾ? ನಾನು ಸುಮ್ಕಿದ್ದಿದ್ರೆ ಇದ್ಯಾವ್ದೂ ಆಗ್ತಿರ್ಲಿಲ್ಲ.”

“ಅಜ್ಜಿ, ಒಂದು ಹತ್ತು ಎಳೆ. ಬಾಗಿಲು ಹಾಕ್ಕೊಂಡು ಕೂಡಿಸಿ ತೋರಿಸ್ರಿ. ಯಾರಿಗೂ ಗೊತ್ತಾಗಲ್ಲ.”

ಮುದುಕಿಯ ಮುಖ ಗಂಟಾಯಿತು. “ನಂಗೆ ಗೊತ್ತಾಗ್ತೈತಲ್ಲ. ನಮ್ಮತ್ತೆ ಕಾಲದಿಂದ ಮುಟ್ಟಿಲ್ಲ, ನಿನ್ನ ಪರೀಕ್ಷೆಗೆ ಮುಟ್ಲಾ? ಎದ್ದೋಗು.”

ದಾಕ್ಷಾಯಿಣಿ ಏಳಲಿಲ್ಲ. ಹತ್ತೂವರೆಗೆ ಒಂದು ಬಸ್ಸಿತ್ತು, ಹೋಗಲಿ ಎಂದು ಬಿಟ್ಟಳು. ಹನ್ನೆರಡರ ಬಸ್ಸೂ ಹೋಯಿತು. ಸೂರಮ್ಮನೂ ಪಟ್ಟು ಬಿಡುವವಳಲ್ಲ, ಇವಳೂ ಬಿಡುವವಳಲ್ಲ, ಇಬ್ಬರೂ ಜಗುಲಿ ಬಿಟ್ಟು ಕದಲಲಿಲ್ಲ. ಕೊನೆಗೆ ಸೂರಮ್ಮನೇ ಒಳಗೆದ್ದು ಹೋಗಿ ಮುದ್ದೆ, ಸಾರು ತಂದಿಟ್ಟಳು. “ತಿನ್ನು. ಹಟಕ್ಕೆ ಹೊಟ್ಟೆ ಏನ್ ಮಾಡಿತ್ತು?” ಎಂದಳು.

ಎರಡು ತುತ್ತು ನುಂಗಿದ ಮೇಲೆ ದಾಕ್ಷಾಯಿಣಿಗೆ ಒಂದು ಮಾತು ಹೊಳೆಯಿತು. ಅವತ್ತು ತೆಗೆಯುವಾಗ ಅವಳು ಕ್ಯಾಮೆರಾದ ಸಣ್ಣ ತೂತಿನೊಳಗೆ, ಬೆರಳುಗುರಿನಷ್ಟು ಅಗಲದ ಕಪ್ಪುಬಿಳುಪು ಚಿತ್ರವನ್ನಷ್ಟೇ ಕಂಡಿದ್ದಳು. ಟೀವಿ ಹಾಕಿದಾಗಲೂ ವೈರು ಹಿಡಿದುಕೊಂಡು ಹಿಂದೆ ನಿಂತಿದ್ದಳು.

“ಅಜ್ಜಿ, ಅದನ್ನ ಸರಿಯಾಗಿ ನೋಡಿದ್ದು ನೀವು. ಟೀವಿಯಾಗೆ ಏನೇನು ಕಾಣಿಸ್ತು, ಹೇಳ್ರಿ. ಹೇಳಕ್ಕೆ ಅಮಾವಾಸ್ಯೆ ಅಡ್ಡ ಬರಲ್ವಲ್ಲ.”

ಸೂರಮ್ಮ ಅನುಮಾನದಿಂದ ಅವಳನ್ನೇ ನೋಡಿದಳು. ಆಮೇಲೆ ಹೇಳತೊಡಗಿದಳು. ಮೊದಲು ಬರೀ ಬಾಯಲ್ಲೇ ಹೇಳಿದಳು. “ಎಡಗೈ ಹಿಂಗಿತ್ತು. ಹಳೆ ಎಳೆ ಇದರಾಗೆ, ಹೊಸ ಎಳೆ ಇದರಾಗೆ.” ಹೇಳುತ್ತ ಹೇಳುತ್ತ ಕೈ ಮೇಲೆದ್ದಿತು. ಹೆಬ್ಬೆರಳು ತೋರುಬೆರಳು ಕೂಡಿದವು, ಹೊಸೆದವು, ಬಿಟ್ಟವು, ಮುಂದಕ್ಕೆ ಸರಿದವು.

ದಾಕ್ಷಾಯಿಣಿ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದಳು. ಎಂಜಲು ಕೈಯನ್ನು ಲಂಗಕ್ಕೇ ಒರೆಸಿಕೊಂಡಳು. ಕ್ಯಾಸೆಟ್ಟು ಸೀರೆಯ ಮಡಿಕೆ ಮುಗಿದ ಜಾಗಕ್ಕೆ ಬಂದಿದೆಯೇ ಎಂದು ಮೂರು ಸಲ ನೋಡಿಕೊಂಡಳು. ಹಿಂದಿನದನ್ನು ಅಳಿಸಿ ಮಧ್ಯಕ್ಕೆ ತೂರಿಸುವಂತಿರಲಿಲ್ಲ. ಶುರುವಿನಲ್ಲಿ ಬರಬೇಕಾದ್ದು ಕೊನೆಗೇ ಬರಲಿ, ಆದರೆ ಬಂದೇ ತೀರಬೇಕು. ಗುಂಡಿ ಒತ್ತಿ ತನ್ನದೇ ದನಿಯಲ್ಲಿ ಹೇಳಿದಳು. “ಇದು ಸೀರೆಯ ಮೊದಲ ಕೆಲಸ. ಇದನ್ನು ತೆಗೆದಿದ್ದೆ, ನನ್ನ ತಪ್ಪಿನಿಂದ ಅಳಿಸಿಹೋಯಿತು. ಇವತ್ತು ಅಮಾವಾಸ್ಯೆ, ಸೂರಮ್ಮ ನೂಲು ಮುಟ್ಟುವುದಿಲ್ಲ. ನೂಲಿಲ್ಲದೆ ತೋರಿಸುತ್ತಾರೆ.”

“ಬೂದಿ ತಾ,” ಎಂದಳು ಸೂರಮ್ಮ ಸೊಸೆಗೆ. “ಬೂದಿಗೇನು ಅಮಾವಾಸ್ಯೆ ಇಲ್ಲ.”

ಒಂಬತ್ತು ನಿಮಿಷ ಅಲ್ಲ, ಐದು ನಿಮಿಷ ಕ್ಯಾಮೆರಾ ಓಡಿತು. ಮುದುಕಿ ಆಮೇಲೆ ಮಾತನ್ನೂ ನಿಲ್ಲಿಸಿದಳು. ಜಗುಲಿಯ ಮೇಲೆ ಬೂದಿಗೈಗಳೆರಡೇ ಗಾಳಿಯಲ್ಲಿ ಕೂಡಿಸುತ್ತ ಹೋದವು.

ಶನಿವಾರ ಕಾಲೇಜಿನ ಕೋಣೆಯಲ್ಲಿ ಟೀವಿ, ವಿಸಿಆರ್ ಇಟ್ಟಿದ್ದರು. ಪರೀಕ್ಷಕರಾಗಿ ಹೊರಗಿನಿಂದ ಬಂದವರು ಮುರುಗೇಂದ್ರಪ್ಪ ಎಂಬ ಹಿರಿಯರು, ಎಂಥದಕ್ಕೂ ಮುಖ ಅರಳಿಸದವರು. ಮಾರುತೇಶನ ಕಾವಲು ಮುಗಿಯಿತು. ಓದಲು ಹುಡುಗಿ ಸಿಗದೆ ಅವನೇ ಓದಿದ್ದ, ಪಾಪ, ಎರಡು ಕಡೆ ಕೆಮ್ಮಿದ್ದ. ಮುಂದಿನದು ದಾಕ್ಷಾಯಿಣಿಯದು ಎನ್ನುವಾಗ ಬಾಗಿಲಲ್ಲಿ ಚಿನ್ನಯ್ಯ ಕಾಣಿಸಿಕೊಂಡ. ಅವನ ಹಿಂದೆ, ಪೆಟ್ಟಿಗೆಯ ತಳದ ಅದೇ ಸೀರೆಯಲ್ಲಿ, ಸೂರಮ್ಮ. “ಇನ್ನೊಂದ್ಸಲ ನೋಡ್ಬೇಕಂತ ಅವ್ವ ಹಟಕ್ಕೆ ಕೂತು ಬಿಟ್ಲು,” ಎಂದು ಚಿನ್ನಯ್ಯ ಸಂಕೋಚದಿಂದ ಹೇಳಿದ. ಮೇಷ್ಟ್ರು ಹಿಂದಿನ ಬೆಂಚು ತೋರಿಸಿದರು.

ಚಿತ್ರ ಓಡಿತು. ಸೀರೆಯ ಮಡಿಕೆ ಮುಗಿದು ಬರಿಗೈ ಬಂದಾಗ ಹುಡುಗರಲ್ಲಿ ಯಾರೋ ಕಿಸಕ್ಕೆಂದರು. ವಿಶ್ವನಾಥ್ ಮೇಷ್ಟ್ರು ದಾಕ್ಷಾಯಿಣಿಯ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅವಳಿಗೆ ಬ್ಯಾಗಿನೊಳಗಿನ ಆ ನಾಲ್ಕು ಹಾಳೆ ನೆನಪಾದವು.

ಮುರುಗೇಂದ್ರಪ್ಪನವರು ಚಿತ್ರ ನಿಲ್ಲಿಸಿದರು. “ಕೈಯಲ್ಲಿ ಎಳೆನೇ ಇಲ್ಲವಲ್ಲಮ್ಮ. ಇದು ನಟನೆ ಆಯ್ತು, ಕೆಲಸ ಹೇಗಾಗುತ್ತೆ?”

“ನಟನೆ ಅಲ್ಲ ಸರ್. ಪೂರ್ತಿ ನೋಡ್ರಿ,” ಎಂದಳು ದಾಕ್ಷಾಯಿಣಿ. ಎದ್ದು ನಿಂತವಳು ಕೂರಲಿಲ್ಲ.

ಅವರು ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಟೀವಿಯಲ್ಲಿ ಸೂರಮ್ಮನ ಬೆರಳು ತಟ್ಟನೆ ನಿಂತಿತು. ಎರಡು ಬೆರಳಿನಷ್ಟು ಹಿಂದಕ್ಕೆ ಬಂದು, ಏನನ್ನೋ ಹುಡುಕಿ, ಹಿಡಿದು, ಹೊಸೆದು, ಮತ್ತೆ ಮುಂದಕ್ಕೆ ಹೋಯಿತು. ಪರೀಕ್ಷಕರು ಹಿಂದಕ್ಕೆ ಓಡಿಸಿ ಅದನ್ನೇ ಇನ್ನೊಮ್ಮೆ ನೋಡಿದರು.

“ಇಲ್ಲಿ ಯಾಕೆ ಹಿಂದಕ್ಕೆ ಹೋದರು?” ಎಂದು ಕೇಳಿದರು.

ದಾಕ್ಷಾಯಿಣಿಗೆ ಗೊತ್ತಿರಲಿಲ್ಲ. ತೆಗೆಯುವಾಗ ಅದು ಅವಳ ಗಮನಕ್ಕೇ ಬಂದಿರಲಿಲ್ಲ.

“ಒಂದೆಳೆ ಬಿಟ್ಟೋಗಿತ್ತು ಸಾಮಿ,” ಎಂದಿತು ಹಿಂದಿನ ಬೆಂಚಿನ ದನಿ. “ಬಿಟ್ಟು ಮುಂದಕ್ಕೆ ಹೋಗಿದ್ರೆ ಸೀರೆ ಕೆಡ್ತಿತ್ತು. ಅದಕ್ಕೇ ಹೋಗಿ ಕೂಡಿಸ್ಕೊಂಡು ಬಂದೆ.”

ಮುರುಗೇಂದ್ರಪ್ಪನವರು ತಿರುಗಿ ಸೂರಮ್ಮನನ್ನು ನೋಡಿದರು, ಅವಳ ಕೈ ನೋಡಿದರು. ಈಗ ಯಾರೂ ನಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, “ವಿಶ್ವನಾಥ್, ಕ್ಯಾಮೆರಾ ಹಿಡಿದವರು ಯಾರು?” ಎಂದರು.

ಮೇಷ್ಟ್ರು ಎದ್ದು ನಿಂತರು. “ಅವಳೇ ಸರ್. ಒಬ್ಳೇ ಮಾಡಿದಾಳೆ. ಪೂರ್ತಿ ಅವಳದ್ದೇ,” ಎಂದರು.

ಪರೀಕ್ಷಕರು ಹಾಳೆಯ ಮೇಲೆ ಏನೋ ಬರೆದರು. ದಾಕ್ಷಾಯಿಣಿಗೆ ಅದು ಎಷ್ಟೆಂದು ಇಣುಕಿ ನೋಡುವ ಮನಸ್ಸೂ ಆಗಲಿಲ್ಲ. ಬ್ಯಾಗಿನಿಂದ ನಾಲ್ಕು ಹಾಳೆ ತೆಗೆದು ಮಾರುತೇಶನ ಮುಂದಿಟ್ಟಳು. “ತಗೋ, ಮಡಿಕೆ ಬಿದ್ದಿದ್ದು ಬಿಟ್ರೆ ಏನೂ ಆಗಿಲ್ಲ,” ಎಂದಳು.

ಅಷ್ಟರಲ್ಲಿ ಸೂರಮ್ಮ ಬೆಂಚು ಬಿಟ್ಟು ಮುಂದೆ ಬಂದು, ಟೀವಿಗೆ ಮೂಗು ತಾಗುವಷ್ಟು ಹತ್ತಿರ ನೆಲದ ಮೇಲೆ ಕೂತಿದ್ದಳು.

“ಇನ್ನೊಂದ್ಸಲ ಹಾಕು ಪಾಪಾ.”

“ಹಾಕ್ತೀನಿ ಅಜ್ಜಿ. ಒಂದೇ ನಿಮಿಷ ತಡೀರಿ.” ದಾಕ್ಷಾಯಿಣಿ ಕ್ಯಾಸೆಟ್ಟು ಹೊರತೆಗೆದಳು. ಜಡೆಯಿಂದ ಪಿನ್ನು ಕಿತ್ತು, ಬೆನ್ನಿನ ಮೂಲೆಯ ಆ ಹಲ್ಲಿಗೆ ಕೊಟ್ಟು ಮೀಟಿದಳು. ಅದು ಚಟ್ಟೆಂದು ಮುರಿದು ಮೇಷ್ಟ್ರ ಮೇಜಿನ ಕೆಳಗೆಲ್ಲೋ ಬಿತ್ತು. ಆಮೇಲೆ ಹಿಂದಕ್ಕೆ ಓಡಿಸಿ ಹಾಕಿದಳು.